ಬಾವಿ ಗೋಡೆಯ ಜರೀಗಿಡ

ಬೈರಾಪಟ್ಟಣದ ಬೀರಲಿಂಗಯ್ಯನಿಗೆ ಎರಡೇ ವಿಷಯದಲ್ಲಿ ಹಟ ನೋಡಿ. ರೇಷ್ಮೆಹುಳು ಸಾಕುವ ಮನೆಗೆ ಸೋಂಕು ತಗುಲಬಾರದು. ಮೊಮ್ಮಗಳು ನಯನ ಬಾವಿಯ ಮೆಟ್ಟಿಲಲ್ಲಿ ಜಾರಬಾರದು. ಹೋದ ಸಲ ಪಾಚಿಯ ಮೇಲೆ ಜಾರಿ ಅವಳು ಮಂಡಿ ಒಡೆದುಕೊಂಡಿದ್ದಳು.

ಆ ಬಾವಿಯ ಗೋಡೆಯಲ್ಲಿ ಕೂದಲಿನಂಥ ಕರಿ ಕಡ್ಡಿಯ ಜರೀಗಿಡವಿತ್ತು. ಎಲೆಯ ಹಿಂದಿನ ಕಂದು ಪುಡಿಯೇ ಅದರ ಬೀಜ. ನಾಲ್ಕು ವರ್ಷದ ಹಿಂದೆ ನಯನ ಅದನ್ನು ಕಾಗದದಲ್ಲಿ ಮಡಚಿ, ತಾನು ಸಂಶೋಧನೆ ಮಾಡುವ ಲ್ಯಾಬಿಗೆ ಒಯ್ದಿದ್ದಳು.

"ಗಿಡದ ಜೀನ್ ಒಳಗೆ ಬರೆದಿರೋದ್ನ ಒಂದೊಂದಕ್ಷರ ತಿದ್ದಿ, ಯಾವ ಅಕ್ಷರಕ್ಕೆ ಏನ್ ಕೆಲ್ಸ ಅಂತ ನೋಡೋದು ತಾತ. ತಿದ್ದಕ್ಕೊಂದು ಕತ್ತರಿ ಮಾಡ್ತಿದ್ದೀವಿ. ಬೇರೆ ಜರೀಗಿಡ ಕತ್ತರಿ ತಾಕಿದ್ರೆ ಸಾಯ್ತವೆ. ನಮ್ಮ ಬಾವೀದು ಮಾತ್ರ ತಡ್ಕೊಂತು," ಎಂದು ಆಮೇಲೊಮ್ಮೆ ಬಂದಾಗ ಹೇಳಿದ್ದಳು.

"ನಮ್ಮನೇದಲ್ವೇನವ್ವ, ಮೊಂಡು," ಎಂದು ಅವನು ನಕ್ಕಿದ್ದ.

ಸೋಮವಾರ ಅವಳ ಫೋನು ಬಂತು. ಲ್ಯಾಬಿನ ಗಿಡಗಳೆಲ್ಲ ಬೂಷ್ಟು ಹಿಡಿದು ಸತ್ತಿದ್ದವು. "ಭಾನುವಾರ ಬತ್ತೀನಿ ತಾತ. ಬಾವೀದು ಐತಲ್ಲ, ಅದೊಂದೇ ಧೈರ್ಯ."

ಬೀರಲಿಂಗಯ್ಯ ಬಾವಿಯ ಕಡೆ ತಿರುಗಿ ನೋಡಿದ. ಹೊಸ ಮರಿಹುಳು ತರುವ ಮುಂಚೆ ಹುಳು ಮನೆಯನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆಯುವುದು ವಾಡಿಕೆ. ಹಿಂದಿನ ವಾರ ತೊಳೆದವನು, ಮಿಕ್ಕ ಪುಡಿಯನ್ನು ಬಾವಿಗೂ ಸುರಿದು, ಮೆಟ್ಟಿಲು ಗೋಡೆ ಯಾವುದನ್ನೂ ಬಿಡದೆ ಹಸಿರೆಲ್ಲ ಕೆರೆದು ಹಾಕಿದ್ದ. ಲ್ಯಾಬಿನಲ್ಲಿ ರಾಶಿ ಬೆಳೆದಿದೆ, ಇಲ್ಲಿಯದು ಇನ್ಯಾಕೆ ಎಂದುಕೊಂಡಿದ್ದ. ಮಗು ಬಂದರೆ ಜಾರಬಾರದಲ್ಲ.

"ಬಾರವ್ವ," ಎಂದಷ್ಟೇ ಹೇಳಿ ಫೋನಿಟ್ಟ. ಮಾರನೆಯ ದಿನದಿಂದ ಅದೇ ಗಿಡ ಹುಡುಕುತ್ತ ಕಂಡವರ ಬಾವಿಗೆಲ್ಲ ಇಳಿದ. ದೊಡ್ಡಆಲಹಳ್ಳಿಯ ತಂಗಿಯ ಮನೆ ಬಾವಿಯನ್ನೂ ಬಿಡಲಿಲ್ಲ.

"ಸಾಯಕ್ಕೆ ಬೇರೆ ಜಾಗ ಸಿಕ್ನಿಲ್ವೇನ್ಲಾ?" ಹಗ್ಗ ಹಿಡಿದ ಗೆಳೆಯ ಕರಿಯಪ್ಪ ಬೈದ.

ಸಿಕ್ಕಿದ್ದೆಲ್ಲ ಹಸಿರು ಕಡ್ಡಿಯ ಗಿಡ.

ಭಾನುವಾರ ನಯನ ಬಂದವಳೇ ಬಾವಿಗಿಳಿದಳು. ಮೆಟ್ಟಿಲು ಬೆಳ್ಳಗೆ ಒಣಗಿದ್ದವು, ಜಾರಲಿಲ್ಲ. ಬೋಳು ಗೋಡೆಯ ಸಂದಿಯಲ್ಲಿ ಬೆರಳಾಡಿಸಿ, ಬೆರಳು ಮೂಸಿದಳು. ಬ್ಲೀಚಿಂಗ್ ಪುಡಿಯ ವಾಸನೆ. ಮೇಲೆ ಬಂದಾಗ ತಾತ ಗೋಣಿಚೀಲ ಹಿಡಿದು ನಿಂತಿದ್ದ.

"ಕೆರೆಯಕ್ ಮುಂಚೆ ಒಸಿ ಎತ್ತಿಟ್ಟಿದ್ದೆ ಕಣವ್ವ. ಅದೇ ಅಲ್ವಾ ಇದು?"

ಅವಳು ಒಂದನ್ನು ಎಳೆದು ಕಡ್ಡಿ ನೋಡಿದಳು. ಹಸಿರು. ಅವನ ತರಚಿದ ಮೊಣಕೈ ನೋಡಿದಳು.

"ಅದೇ ಕಣ್ ತಾತ."

ಚೀಲಕ್ಕೆ ನೀರು ಚಿಮುಕಿಸಿ, ಬಾಯಿ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದಳು. ಬಸ್ಸು ಮರೆಯಾದರೂ ಬೀರಲಿಂಗಯ್ಯ ಅಲ್ಲೇ ನಿಂತಿದ್ದ. ಕರಿ ಕಡ್ಡಿಯ ಗುರುತು ಅವನಿಗೆ ಕಲಿಸಿಕೊಟ್ಟವಳೇ ಅವಳು.