ಕಂಡಕ್ಟರಮ್ಮನ ಮೂರು ನಿಮಿಷ

ಚೀಲವನ್ನು ಬಸ್ಸಿನಲ್ಲಿ ಮರೆತವರು ಮೂರು ದಿನವಾದರೂ ಡಿಪೋ ಕಡೆ ತಲೆ ಹಾಕಲಿಲ್ಲ. ಒಳಗೆ ಅಂಚಿನುದ್ದಕ್ಕೂ ತಗಡಿನ ಬಿಲ್ಲೆ ಹೊಲಿದ ಕೆಂಪು ಬಟ್ಟೆ, ಜೊತೆಗೊಂದು ವಿಳಾಸದ ಚೀಟಿ ಇದ್ದವು. ಕೊನೆಗೆ ಕಂಡಕ್ಟರಮ್ಮ ತಾನೇ ಕೊಟ್ಟು ಬರಲು ಹೊರಟಳು. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಎಂಟು ಹೆಂಗಸರು ಕನ್ನಡಿಯ ಮುಂದೆ ನಿಂತು ಹೊಟ್ಟೆ ಕುಣಿಸುತ್ತಿದ್ದರು. ಅದು ಬೆಲ್ಲಿ ಡ್ಯಾನ್ಸ್ ಕ್ಲಾಸು. ಚೀಲ ಟೀಚರದ್ದು.

“ಸೊಂಟಕ್ಕೆ ಕಟ್ಕೊಂಡು ನೋಡಿ,” ಎಂದಳು ಟೀಚರ್. “ಭುಜ ಅಲ್ಲಾಡಬಾರದು. ಸೊಂಟ ಮಾತ್ರ.”

ಉಳಿದವರಿಗೆ ಇದಕ್ಕೇ ನಾಲ್ಕು ತಿಂಗಳು ಹಿಡಿದಿತ್ತು. ಕಂಡಕ್ಟರಮ್ಮ ಸಮವಸ್ತ್ರದ ಮೇಲೆಯೇ ಬಟ್ಟೆ ಬಿಗಿದುಕೊಂಡು ಮೊದಲ ಸಲಕ್ಕೇ ಮಾಡಿದಳು. ಬಿಲ್ಲೆಗಳು ಝಲ್ಲೆಂದವು. ಭುಜ ಮಿಸುಕಲಿಲ್ಲ.

“ಎಲ್ಲಿ ಕಲಿತ್ರಿ?”

“ಏಳನೇ ನಂಬರ್ ಬಸ್ಸಲ್ಲಿ. ಒಂದು ಕೈಲಿ ಟಿಕೆಟ್ ಮೆಷೀನು, ಇನ್ನೊಂದರಲ್ಲಿ ಚಿಲ್ಲರೆ. ಕಂಬಿ ಹಿಡ್ಕೊಳ್ಳೋಕೆ ಮೂರನೇ ಕೈ ಎಲ್ಲಿಂದ ತರ್ಲಿ?”

ಅಂದೇ ಸೇರಿಕೊಂಡಳು. ಅವಳ ಗಂಡ ಅದೇ ಡಿಪೋದ ಡ್ರೈವರ್. ಸುದ್ದಿ ಕೇಳಿ ಅವನು ತಟ್ಟೆಯಿಂದ ತಲೆಯೆತ್ತಿದ.

“ಹೊಟ್ಟೆ ತೋರಿಸ್ಲೇಬೇಕಾ?”

“ತೋರಿಸ್ಲೇಬೇಕು ಅಂತೇನಿಲ್ವಂತೆ.”

“ಸದ್ಯ.”

“ನಾನು ತೋರಿಸ್ತೀನಿ. ಎರಡು ಹೆರಿಗೆ ಕಂಡ ಹೊಟ್ಟೆ, ಹತ್ತೊಂಬತ್ತು ವರ್ಷ ಬೆಲ್ಟಿನೊಳಗೇ ಇತ್ತು. ಸ್ವಲ್ಪ ಗಾಳಿ ಆಡ್ಲಿ.”

ಅವನು ಮತ್ತೆ ಊಟಕ್ಕೆ ತಲೆ ತಗ್ಗಿಸಿದ.

ವರ್ಷದ ಕೊನೆಗೆ ಟೀಚರ್, ಪ್ರತಿಯೊಬ್ಬರೂ ಮೂರು ನಿಮಿಷದ ಸ್ವಂತ ನೃತ್ಯ ಕಟ್ಟಬೇಕೆಂದಳು. ಕಂಡಕ್ಟರಮ್ಮನಿಗೆ ಸ್ವಂತದ್ದೆಂದು ಗೊತ್ತಿದ್ದದ್ದು ಬಸ್ಸೊಂದೇ. ಎರಡು ತಿಂಗಳು ಡ್ಯೂಟಿಯಲ್ಲೇ ಗುಂಡಿ, ತಿರುವು, ಹಂಪುಗಳನ್ನು ಮೈಯಲ್ಲಿ ಗುರುತು ಹಾಕಿಕೊಂಡಳು.

ಪ್ರದರ್ಶನದ ದಿನ ಗಂಡ “ಬಿಟ್ಟು ಹೋಗ್ತೀನಿ” ಎನ್ನುತ್ತಲೇ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ. ಅವಳು ವೇದಿಕೆಯ ನಡುವೆ ನಿಂತಳು. ಇಷ್ಟು ವರ್ಷ ಆ ಮೈ ಜನರಿಗೆ ದಾರಿ ಬಿಡುತ್ತಲೇ ಬಂದಿತ್ತು. ಅಷ್ಟೊಂದು ಖಾಲಿ ಜಾಗ ಅವಳೊಬ್ಬಳಿಗೇ ಸಿಕ್ಕಿದ್ದು ಅದೇ ಮೊದಲು. ಹೆದರಿಕೆಯಾಯಿತು. ಆಮೇಲೆ ಇಂಜಿನ್ ಶುರುವಾಯಿತು: ಹೊಟ್ಟೆ ಸಣ್ಣಗೆ ನಡುಗಿತು, ಬಿಲ್ಲೆಗಳು ಗುನುಗಿದವು. ಬಸ್ಸು ತುಂಬಿತು. ಇಲ್ಲದ ಜನರ ನಡುವೆ ಅವಳ ಸೊಂಟ ಅತ್ತ ಜಾರಿತು, ಇತ್ತ ನುಸುಳಿತು. ತಟ್ಟನೆ ಬ್ರೇಕ್. ಇಡೀ ಮೈ ಕಲ್ಲಾಯಿತು, ಹೊಟ್ಟೆ ಮಾತ್ರ ಇನ್ನೆರಡು ಸುತ್ತು ಹೋಗಿ ನಿಂತಿತು. ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಮೂರು ನಿಮಿಷ ಮುಗಿದಾಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತಿದ್ದರು.

ಮನೆಗೆ ಹೋಗುವ ದಾರಿಯಲ್ಲಿ ಗಂಡ ಕೇಳಿದ, “ಆ ಬ್ರೇಕ್ ಯಾರದ್ದು?”

“ನಿಮ್ದೇ. ಮದುವೆಗೆ ಮುಂಚೆ ಒಂದೇ ಬಸ್ಸಲ್ಲಿ ಇರ್ಲಿಲ್ವಾ?”

“ನಾನು ಅಷ್ಟು ಜೋರಾಗಿ ಹಾಕಲ್ಲ.”

“ಹಾಕ್ತೀರಿ.”

ರಸ್ತೆ ದಾಟುವಾಗ ಅವನು “ಚೆನ್ನಾಗಿತ್ತು,” ಎಂದ. ಬ್ರೇಕೋ ನೃತ್ಯವೋ ಎಂದು ಅವಳು ಕೇಳಲಿಲ್ಲ. ಅವನ ತೋಳು ಹಿಡಿದುಕೊಂಡಳು.

ಮರುವಾರ ಅವಳು ಸಂಜೆ ಪಾಳಿಯಿಂದ ಬೆಳಗಿನ ಪಾಳಿಗೆ ಬದಲಿಸಲು ಅರ್ಜಿ ಬರೆದಳು. ಕಾರಣ: ನೃತ್ಯ.

“ಸೊಂಟ ನೋವು ಅಂತ ಬರೀರಮ್ಮ, ಈಗಲೇ ಸಹಿ ಹಾಕ್ತೀನಿ,” ಎಂದರು ಡಿಪೋ ಮ್ಯಾನೇಜರ್.

“ಸೊಂಟಕ್ಕೇನೂ ಆಗಿಲ್ಲ ಸಾರ್. ತುಂಬಾ ಚೆನ್ನಾಗಿದೆ.”

ಮ್ಯಾನೇಜರ್ ಅರ್ಜಿಯನ್ನು ಮತ್ತೊಮ್ಮೆ ಓದಿದರು. ಆಮೇಲೆ ಸಹಿ ಹಾಕಿದರು. ತಿಂಗಳು ಕಳೆಯುವುದರೊಳಗೆ ಅದೇ ಕಾರಣ ಬರೆದ ಇನ್ನೂ ಮೂರು ಅರ್ಜಿಗಳು ಅವರ ಮೇಜಿಗೆ ಬಂದವು.