ಹೊಲಿಗೆಯ ಬದಿಯ ಸ್ತೋತ್ರ

ಬೈಬಲಿನ ಬೆನ್ನಿಗೆ ಅಂಟಿದ್ದ ಬಟ್ಟೆ ಕಿತ್ತು, ಹಳೆಯ ದಾರವನ್ನು ಬ್ಲೇಡಿನಿಂದ ಕತ್ತರಿಸಿ, ಮೊದಲ ಫಾರಂ ಬಿಡಿಸಿ ಮೇಜಿನ ಮೇಲೆ ಹರಡಿದಾಗ ಬೈಂಡರನ ಕಣ್ಣಿಗೆ ಆ ಪೆನ್ಸಿಲ್ ಬರಹ ಬಿತ್ತು. ಮೂವತ್ತೆರಡು ಪುಟ ಒಟ್ಟಿಗೆ ಮಡಿಚಿದರೆ ಒಂದು ಫಾರಂ. ಅದರ ನಟ್ಟನಡುವೆ, ದಾರ ಓಡುವ ಮಡಿಕೆಗೆ ಅಂಟಿಕೊಂಡಂತೆ, ಮೇಲಿನಿಂದ ಕೆಳಕ್ಕೆ ಸಣ್ಣ ಸಣ್ಣ ತಾರೀಖುಗಳು. ಒಂದೊಂದರ ಮುಂದೆಯೂ ಒಂದೇ ಅಕ್ಷರ: ಸ್ತೋ.

ಹೆಂಡತಿಯ ಕೈಬರಹ. ಅವನಿಗೆ ನಗು ಬಂತು. ಸಭೆಯವರು ಅವಳನ್ನು ಸ್ತೋತ್ರಮ್ಮ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಹಾಲು ಉಕ್ಕಿದರೂ ಸ್ತೋತ್ರ, ಬಸ್ಸು ತಪ್ಪಿದರೂ ಸ್ತೋತ್ರ. ತೀರಿಕೊಂಡು ಮೂರು ತಿಂಗಳಾಗಿದ್ದರೂ ಆರಾಧನೆಯ ನಡುವೆ ಎಲ್ಲರ ಕಿವಿಯೂ ಅವಳ ದನಿಗೆ ಕಾಯುತ್ತಿತ್ತು. ಬರುವ ಭಾನುವಾರ ಸತ್ಯವೇದಕ್ಕಾಗಿ ಕೃತಜ್ಞತೆ ಹೇಳುವ ದಿನ. ಸ್ತೋತ್ರಮ್ಮನ ಪುಸ್ತಕವನ್ನೇ ಮುಂದಿನ ಮೇಜಿನ ಮೇಲಿಡಬೇಕು, ಅವಳ ಗಂಡನೇ ಎರಡು ಮಾತಾಡಬೇಕು ಎಂದು ಪಾಸ್ಟರು ಹಟ ಹಿಡಿದಿದ್ದರು.

ಪುಸ್ತಕವನ್ನು ತಂದುಕೊಟ್ಟವಳು ಮಗಳು. ಗುರುವಾರ ಬಂದವಳು ಅಂಗಡಿಯ ಹೊಸ್ತಿಲು ದಾಟಿರಲಿಲ್ಲ.

"ಬರೀ ರಟ್ಟು ಬದಲಾಯಿಸಿದ್ರೆ ಸಾಲದಂತೆ. ಹೊಲಿಗೆ ಪೂರ್ತಿ ಬಿಚ್ಚಿ ಹೊಲೀಬೇಕು, ಅದೂ ನಿಮ್ಮ ಕೈಯಿಂದ್ಲೇ. ಅಮ್ಮ ಹೇಳಿದ್ದು."

"ಒಳಗೆ ಬಾಮ್ಮ. ಒಂದು ಲೋಟ ನೀರಾದ್ರೂ ಕುಡಿ."

ಮಣ್ಣು ಮಾಡಿ ಬಂದ ದಿನದಿಂದ ಅವಳು ಅವನ ಕೈಯ ನೀರು ಮುಟ್ಟಿರಲಿಲ್ಲ. "ಭಾನುವಾರ ನೀವು ಮಾತಾಡಿ. ಆಮೇಲೆ ಕುಡೀತೀನಿ, ಕುಡಿಯೋ ಹಾಗಿದ್ರೆ" ಎಂದು ಹೊರಟುಹೋಗಿದ್ದಳು. ಇರುವುದು ಒಬ್ಬಳೇ ಮಗಳು. ಆ ಒಂದು ಲೋಟ ನೀರಿಗಾಗಿ ಬೈಂಡರ್ ಮೂರು ದಿನದಿಂದ ಭಾನುವಾರವನ್ನು ಕಾಯುತ್ತಿದ್ದ.

ಎರಡನೆಯ ಫಾರಂ ಬಿಡಿಸಿದ. ಅಲ್ಲೂ ತಾರೀಖು. ಮೂರನೆಯದರಲ್ಲೂ. ಅವಳು ಇಪ್ಪತ್ತಾರು ವರ್ಷ ಅವನ ಪಕ್ಕ ಕೂತು ಫಾರಂ ಮಡಿಚಿದವಳು. ಪುಸ್ತಕದ ಮೂರು ಅಂಚನ್ನೂ ಕಟಿಂಗ್ ಮೆಷಿನ್ ಸವರುತ್ತದೆ, ಹೊಲಿಗೆಯ ಬದಿಗೆ ಮಾತ್ರ ಅಲಗು ಬರುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಓದುವವರ ಕಣ್ಣು ಅಷ್ಟು ಒಳಗೆ ಇಳಿಯುವುದಿಲ್ಲ. ಇಳಿಯುವುದು ಬಿಚ್ಚುವವನದು ಮಾತ್ರ.

ಕೊನೆಯ ಫಾರಮ್ಮಿನ ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿಗೆ ಹೋಲಿಸಿದ. ಎಲ್ಲವೂ ಕೆಂಪು ಅಂಕಿ, ಭಾನುವಾರಗಳು. ದೇವಾಲಯಕ್ಕೆ ಹೋದ ದಿನಗಳ ಲೆಕ್ಕವಿರಬೇಕು ಅಂದುಕೊಂಡ. ಆದರೆ ಅವಳು ಒಂದು ಭಾನುವಾರವೂ ತಪ್ಪಿಸಿದವಳಲ್ಲ, ಇಲ್ಲಿ ನೋಡಿದರೆ ತಿಂಗಳುಗಟ್ಟಲೆ ಖಾಲಿ. ಮಗಳು ಹುಟ್ಟಿದ ವರ್ಷ ಇಡೀ ವರ್ಷಕ್ಕೆ ಐದೇ ಐದು. ಅವನು ಕೋರ್ಟಿನ ದಫ್ತರಗಳನ್ನು ಕಟ್ಟಲು ಪರವೂರಿಗೆ ಹೋಗಿದ್ದ ಆರು ವಾರ ಮಾತ್ರ ಒಂದೂ ಬಿಡದೆ ಸಾಲಾಗಿ ಆರು. ಮರುವರ್ಷ ಅವಳ ಮಣಿಕಟ್ಟು ಮುರಿದಿತ್ತು. ಮೆಟ್ಟಿಲಿಂದ ಬಿದ್ದಳು ಎಂದು ಅವನೇ ಎಲ್ಲರಿಗೂ ಹೇಳಿದ್ದ, ಅವಳೂ ತಲೆಯಾಡಿಸಿದ್ದಳು. ಅಲ್ಲಿಂದ ಮೂರು ತಿಂಗಳು ಒಂದು ಗುರುತೂ ಇಲ್ಲ.

ಅವನು ಕೈ ಮಾಡದೆ ಕಳೆದ ವಾರಗಳಿಗೆ ಅವಳು ಸ್ತೋತ್ರ ಹೇಳಿದ್ದಳು.

ಅಕ್ಕಪಕ್ಕದವರಿಗೆ ತಿಳಿಯದ ವಿಷಯವೇನಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಅವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಸಭೆಗಂತೂ ಅವನು ದೊಡ್ಡ ಮನುಷ್ಯ. ಹರಿದ ಕೀರ್ತನೆ ಪುಸ್ತಕಗಳನ್ನೆಲ್ಲ ಪುಕ್ಕಟೆ ಹೊಲಿದುಕೊಡುವವನು. ಊರಿಗೆ ಉಪಕಾರಿ. ಆ ಗಾದೆಯ ಇನ್ನರ್ಧವನ್ನು ಯಾರೂ ಅವನೆದುರು ಆಡಿರಲಿಲ್ಲ.

ಕೊನೆಯ ಫಾರಮ್ಮನ್ನು ಮತ್ತೆ ಎತ್ತಿಕೊಂಡ. ಅವಳು ಹಾಸಿಗೆ ಹಿಡಿದ ಎಂಟು ತಿಂಗಳು. ಮೂವತ್ತನಾಲ್ಕು ಭಾನುವಾರ, ಒಂದೂ ಬಿಟ್ಟಿರಲಿಲ್ಲ. ಕೈ ನಡುಗಿ ಅಕ್ಷರ ಸೊಟ್ಟಗಾಗಿದ್ದರೂ ಸ್ತೋ ಇತ್ತು. ಆ ಎಂಟು ತಿಂಗಳು ತಾನು ಅವಳಿಗೆ ಮಾಡಿದ ಸೇವೆಯ ಬಗ್ಗೆ ಅವನಿಗೆ ಬಹಳ ಹೆಮ್ಮೆಯಿತ್ತು. ಅಷ್ಟು ನೋವಿನಲ್ಲೂ ಎಷ್ಟು ನಗುನಗುತ್ತಾ ಇದ್ದಾಳೆ ಎಂದು ನೋಡಲು ಬಂದವರಿಗೆಲ್ಲ ಹೇಳಿಕೊಂಡಿದ್ದ. ಯಾಕೆ ನಗುತ್ತಿದ್ದಳು ಎಂಬುದು ಈಗ ಕಾಣಿಸಿತು. ರೋಗಕ್ಕೂ ಅವಳು ಋಣಿಯಾಗಿದ್ದಳು.

ಬೈಂಡರ್ ಫಾರಮ್ಮನ್ನು ಮೇಜಿನ ಮೇಲಿಟ್ಟ. ಭಾನುವಾರ ಎಲ್ಲರ ಮುಂದೆ ಹೇಳಿಬಿಡಬೇಕು ಅಂದುಕೊಂಡ. ಹೇಳಿದರೆ ಏನಾದೀತು ಅಂತಲೂ ಅಂದುಕೊಂಡ. ಸತ್ತವಳ ಮಾನ ಯಾಕೆ ಕಳೆಯಬೇಕು ಎಂಬ ಮಾತು ಮೂರನೆಯದಾಗಿ ಬಂತು. ಕಳೆಯಲಿರುವುದು ಯಾರ ಮಾನ ಎಂದು ತಿಳಿಯದಷ್ಟು ದಡ್ಡ ಅವನಲ್ಲ. ಆದರೂ ಆ ಮಾತನ್ನೇ ಹಿಡಿದುಕೊಂಡ. ಮಡಿಕೆ ಹರಿದ ಹಾಳೆಗೆ ಬಿಳಿ ಕಾಗದದ ಪಟ್ಟಿ ಹಚ್ಚುವುದು ಬೈಂಡರುಗಳು ದಿನವೂ ಮಾಡುವ ಕೆಲಸ. ಬೆರಳಗಲದ ಪಟ್ಟಿಗಳನ್ನು ಕತ್ತರಿಸಿಕೊಂಡ. ಎದುರಿಗೆ ಎರಡು ಡಬ್ಬಿ ಇದ್ದವು. ಒಂದರಲ್ಲಿ ಬಿಳಿ ಗೋಂದು. ಒಣಗಿತೆಂದರೆ ಜನ್ಮಕ್ಕೂ ಬಿಡದು. ಇನ್ನೊಂದರಲ್ಲಿ ಬೆಳಗ್ಗೆ ಕಾಯಿಸಿದ ಮೈದಾ ಅಂಟು, ನೀರು ಸೋಕಿದರೆ ಬಿಟ್ಟುಕೊಳ್ಳುವಂಥದು. ಸತ್ಯವೇದದ ತೆಳು ಹಾಳೆಗೆ ಯಾವತ್ತೂ ಮೈದಾ ಅಂಟೇ. ಕೈ ತಾನಾಗಿ ಅದಕ್ಕೇ ಹೋಯಿತು.

ಸಂಜೆಯೊಳಗೆ ನಲವತ್ತು ಫಾರಮ್ಮುಗಳ ನಡುಮಡಿಕೆಯೂ ಬೆಳ್ಳಗಾಗಿತ್ತು. ಆಮೇಲೆ ಬಿಗಿಯಾಗಿ ಹೊಲಿದ. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ಅವನು ಜೀವಮಾನದಲ್ಲೇ ಮಾಡಿರಲಿಲ್ಲ.

ಭಾನುವಾರ ದೇವಾಲಯ ತುಂಬಿತ್ತು. ಒಬ್ಬೊಬ್ಬರೇ ಎದ್ದು, ವಾಕ್ಯ ತಮಗೆ ಕೊಟ್ಟ ಬಲವನ್ನು ಹೇಳಿ ಕೂತರು. ಟೈಲರ್ ಅಕ್ಕ ಅತ್ತಳು. ನಿವೃತ್ತ ಮೇಷ್ಟ್ರು ಎರಡು ಮಾತು ಎಂದು ಎದ್ದು ಇಪ್ಪತ್ತು ನಿಮಿಷ ತೆಗೆದುಕೊಂಡರು. ಕೊನೆಗೆ ಪಾಸ್ಟರು ಮೇಜಿನ ಮೇಲಿದ್ದ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ, "ಹೃದಯದಿಂದ ಸ್ತುತಿಸೋದು ಅಂದ್ರೆ ಏನು ಅಂತ ನಮಗೆ ಕಲಿಸಿದವರು ಸ್ತೋತ್ರಮ್ಮ. ಅಣ್ಣ, ಬನ್ನಿ" ಎಂದರು.

ಅವನು ಎದ್ದು ನಿಂತ. ಮಗಳು ಮೂರನೆಯ ಬೆಂಚಿನಲ್ಲಿ ಕೂತು ಅವನನ್ನೇ ನೋಡುತ್ತಿದ್ದಳು. ಹೇಳಬೇಕೆಂದಿದ್ದದ್ದು ಒಂದು. ತುಟಿಗೆ ಬಂದದ್ದು ಬೇರೆ.

"ಸ್ತೋತ್ರ" ಎಂದ.

"ಸ್ತೋತ್ರ" ಎಂದಿತು ಸಭೆ, ಒಂದೇ ದನಿಯಲ್ಲಿ. ಪಾಪ, ದುಃಖಕ್ಕೆ ಮಾತೇ ಹೊರಡುತ್ತಿಲ್ಲ ಎಂದು ಹಿಂದಿನ ಬೆಂಚಿನವರು ಕಣ್ಣೊರೆಸಿಕೊಂಡರು. ಅವನು ಕೂತುಬಿಟ್ಟ.

ಎಲ್ಲರೂ ಹೊರಗೆ ಹೋದ ಮೇಲೆ ಮಗಳು ಮೇಜಿನ ಬಳಿ ಬಂದು ಪುಸ್ತಕವನ್ನು ತೆರೆದಳು. ಹುಡುಕಲಿಲ್ಲ; ನೇರವಾಗಿ ಫಾರಮ್ಮಿನ ನಡುಮಧ್ಯಕ್ಕೇ ತೆರೆದಳು.

"ಪಟ್ಟಿ ಹಾಕಿದ್ದೀರಿ."

"ಹಾಳೆ ಹರಿದಿತ್ತಮ್ಮ."

"ಹರಿದಿರ್ಲಿಲ್ಲ ಅಪ್ಪ. ಅಮ್ಮನಿಗೆ ಪೆನ್ಸಿಲ್ ಚೂಪು ಮಾಡಿ ಕೊಡ್ತಿದ್ದವಳು ನಾನು."

ಬೈಂಡರ್ ತನ್ನ ಕೈಗಳನ್ನು ನೋಡಿಕೊಂಡ. ಉಗುರಿನ ಸಂದಿಯಲ್ಲಿ ಒಣಗಿದ ಅಂಟು ಇನ್ನೂ ಇತ್ತು.

"ನಿಮ್ಮಪ್ಪ ಓದಿದ್ರೆ ಸಾಕು, ಅಂದಿದ್ಲು ಅಮ್ಮ. ಅವಳಿಗೆ ಅಷ್ಟೇ ಸಾಕಿತ್ತು. ನನಗೆ ಸಾಕಾಗಲ್ಲ" ಎಂದು ಪುಸ್ತಕವನ್ನು ಎದೆಗೆ ಅವಚಿಕೊಂಡು ಮಗಳು ಹೊರಗೆ ನಡೆದಳು.

ಅವನು ಬಾಗಿಲವರೆಗೆ ಬಂದ. ಅಂಗಳದಲ್ಲಿ ಜನರಿಗೆ ಲೋಟಗಳಲ್ಲಿ ನೀರು ಕೊಡುತ್ತಿದ್ದರು. ಪಾಸ್ಟರ ಹೆಂಡತಿ ಕೊಟ್ಟ ಲೋಟವನ್ನು ಇಸಿದುಕೊಂಡು ಮಗಳು ಕೊನೆಯ ಮೆಟ್ಟಿಲ ಮೇಲೆ ಕೂತಳು. ಕುಡಿಯಲಿಲ್ಲ. ಪುಸ್ತಕವನ್ನು ಮಡಿಲಲ್ಲಿ ಬಿಡಿಸಿಟ್ಟು, ಬೆರಳನ್ನು ನೀರಿನಲ್ಲಿ ಅದ್ದಿ, ಬಿಳಿ ಪಟ್ಟಿಯ ಮೇಲೆ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಎಳೆದಳು. ಒಂದು ಕ್ಷಣ ಕಾದು, ಉಗುರಿನಿಂದ ಅದರ ತುದಿಯನ್ನು ಎಬ್ಬಿಸಿದಳು.