ಹ್ಯಾಲೊವೀನ್ ಚೀಲದ ವೆಜ್ ರಾಶಿ

ದೀಪಾವಳಿಯನ್ನು ಕಾಮಾಕ್ಷಿ ಗೆದ್ದಿದ್ದಳು. ಭಾರತದ ಅಂಗಡಿಗಳಿರುವ ಲಿಟಲ್ ಇಂಡಿಯಾದಿಂದ ತಂದ ಮೈಸೂರು ಪಾಕಿನ ಡಬ್ಬಿ ವಾರವಿಡೀ ಊಟದ ಮೇಜಿನ ಮೇಲೆ ಕೂತು ಕರೆದರೂ ಒಂದು ಚೂರು ಮುಟ್ಟಿರಲಿಲ್ಲ. ಆಫೀಸಿನಿಂದ ಬಂದವಳೇ ಶೂ ಬದಲಿಸಿ, ತಮ್ಮ ಬಡಾವಣೆ ಚೋವಾ ಚು ಕಾಂಗ್‌ನ ಪಾರ್ಕಿನಲ್ಲಿ ನಲವತ್ತು ನಿಮಿಷ ಬಿರಬಿರನೆ ನಡೆದು, ಮೂರು ತಿಂಗಳಲ್ಲಿ ಮೂರು ಕೆಜಿ ಇಳಿಸಿದ್ದಳು.

ಹಳೇ ಬ್ಲೌಸು ಹಿಡಿಸಲಿ ಅಂತ ಪಟ್ಟ ಪಾಡಲ್ಲ ಅದು. ಆಗಸ್ಟಿನಲ್ಲಿ ಪಾಲಿಕ್ಲಿನಿಕ್ಕಿನ ಡಾಕ್ಟರು ರಿಪೋರ್ಟ್ ನೋಡಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದೀರಿ, ನವೆಂಬರ್ ಹನ್ನೆರಡಕ್ಕೆ ಮತ್ತೆ ರಕ್ತ ಪರೀಕ್ಷೆ, ಇಳಿಯದಿದ್ದರೆ ಮಾತ್ರೆ ಅಂದಿದ್ದರು. ಕಾಮಾಕ್ಷಿಯ ತಾಯಿಗೆ ಇದೇ ಕಾಯಿಲೆಯಿಂದ ಕಣ್ಣು ಹೋಗಿತ್ತು. ಕೊನೆಕೊನೆಗೆ ಮಗಳ ಮುಖವನ್ನು ಕೈಯಿಂದ ಸವರಿ ನೋಡುತ್ತಿದ್ದರು. ಆ ಬೆರಳುಗಳು ಕೆನ್ನೆಗೆ ತಾಗಿದ ನೆನಪೇ ಕಾಮಾಕ್ಷಿಯನ್ನು ದಿನಾ ಪಾರ್ಕಿಗೆ ಅಟ್ಟುತ್ತಿತ್ತು.

ಅಷ್ಟರಲ್ಲಿ ಹ್ಯಾಲೊವೀನ್ ಬಂತು.

ಹತ್ತು ವರ್ಷದ ಮಗಳು ರಿಷಿಕಾ ಮಾಟಗಾತಿಯ ಟೋಪಿ ಹಾಕಿಕೊಂಡು, ಮೇಲಿನ ಮನೆಯ ಪ್ರಾಪ್ತಿಯ ಜೊತೆ ತಮ್ಮ ಅಪಾರ್ಟ್‌ಮೆಂಟಿನ, ಅಂದರೆ ಕಾಂಡೋದ, ಬಾಗಿಲು ಬಾಗಿಲು ತಟ್ಟಿ ಟಾಫಿ ಕೂಡಿಸಿಕೊಂಡು, ಏಳೂವರೆಗೆ ವಾಪಸ್ಸು ಬಂದಳು. ಚೀಲ ನೆಲಕ್ಕೆ ಎಳೆಯುತ್ತಿತ್ತು. ಕಾಮಾಕ್ಷಿ ಹಾಲಿನಲ್ಲಿ ಪೇಪರ್ ಹಾಸಿ, ಕನ್ನಡಕ ಏರಿಸಿ ಕೂತಳು. ಇದು ಪ್ರತಿ ವರ್ಷದ ಕೆಲಸ. ಒಂದೊಂದೇ ಪ್ಯಾಕೆಟ್ ತಿರುಗಿಸಿ, ಸಾಸಿವೆಯಷ್ಟು ಸಣ್ಣ ಅಕ್ಷರಗಳಲ್ಲಿ ಜೆಲಟಿನ್ ಹುಡುಕುವುದು. ಪ್ರಾಣಿಯ ಚರ್ಮ, ಮೂಳೆ ಬೇಯಿಸಿ ತೆಗೆಯುವ ವಸ್ತು ಅದು. ಸಿಕ್ಕರೆ ಬಲಕ್ಕೆ ನಾನ್‌ವೆಜ್ ರಾಶಿ, ಇಲ್ಲದಿದ್ದರೆ ಎಡಕ್ಕೆ ವೆಜ್ ರಾಶಿ. ಬಲಗಡೆಯದು ಪ್ರಾಪ್ತಿಯ ಮನೆಗೆ, ಅವರು ಎಲ್ಲಾ ತಿನ್ನುವವರು. ಎಡಗಡೆಯದು ಡಬ್ಬಿಗೆ. ರಿಷಿಕಾ ಅದರಲ್ಲಿ ಇಷ್ಟವಾದ ನಾಲ್ಕು ತಿಂದು ಮರೆಯುತ್ತಾಳೆ. ಉಳಿದದ್ದು? ಅದನ್ನು ಯಾರೂ ಕೇಳುವುದಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಡಬ್ಬಿ ತಾನಾಗಿ ಖಾಲಿಯಾಗಿರುತ್ತದೆ.

ಪ್ರಾಪ್ತಿಯ ಅಮ್ಮ ರಜನಿ ಮಂಗಳೂರಿನವಳು, ಆಸ್ಪತ್ರೆಯೊಂದರಲ್ಲಿ ನರ್ಸು. ಮಗಳನ್ನು ಕರೆದೊಯ್ಯಲು ಬಂದವಳು ಸೋಫಾದ ತುದಿಯಲ್ಲಿ ಕೂತಳು.

"ತಗೋ, ನಿನ್ನ ಪಾಲು" ಅಂತ ಕಾಮಾಕ್ಷಿ ಬಲಗಡೆಯ ರಾಶಿ ತಳ್ಳಿದಳು.

"ಈ ಸಲ ಬೇಡ ಮಾರಾಯ್ತಿ. ನಮ್ಮನೆ ಏನು ನಿಮ್ಮನೆ ಗೋಡೌನಾ?" ರಜನಿ ನಕ್ಕಳು. ಆಮೇಲೆ ಕಾಮಾಕ್ಷಿಯ ಮಡಿಲು ನೋಡಿದಳು. "ಅದೇನದು?"

ಮಡಿಲಲ್ಲಿ ಟಾಫಿಯ ಖಾಲಿ ಕಾಗದಗಳಿದ್ದವು. ಕಾಮಾಕ್ಷಿಗೇ ಆಶ್ಚರ್ಯ.

"ಅಮ್ಮ, ಆರಾಯ್ತು ಲಾ!" ರಿಷಿಕಾ ಇಲ್ಲಿನ ಶಾಲೆಯ ಮಕ್ಕಳ ಧಾಟಿಯಲ್ಲಿ ಕೂಗಿದಳು. "ನಾನು ಎರಡೇ ತಿಂದಿದ್ದು!"

"ತಿಂದಿದ್ದಲ್ಲ ಕಣೇ, ಟೇಸ್ಟ್ ನೋಡಿದ್ದು. ಇಷ್ಟಿಷ್ಟು ಮಕ್ಕಳ ಟಾಫಿ, ಅದೂ ಪ್ಯೂರ್ ವೆಜ್. ಇದೇನು ಮೈಸೂರು ಪಾಕಾ?"

ಟಿವಿ ಮುಂದೆ ಕೂತಿದ್ದ ಗಂಡ ಗಿರಿಧರ್ ಕುತ್ತಿಗೆ ತಿರುಗಿಸಿದ. "ಕಾಮು, ವಿಲ್‌ಪವರ್ ಬೇಕು, ವಿಲ್‌ಪವರ್. ಪಾರ್ಕ್ ಸುತ್ತಿದ್ದೆಲ್ಲಾ ವೇಸ್ಟ್."

ಕಾಮಾಕ್ಷಿಯ ಮುಖ ಸಪ್ಪಗಾಯಿತು. ಆರು ಕಾಗದಗಳನ್ನು ಮುಷ್ಟಿಯಲ್ಲಿ ಮುಚ್ಚಿದಳು, ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ.

ಆ ಮುಷ್ಟಿ ನೋಡಿ ನನಗೆ ಸಿಟ್ಟು ಬರುತ್ತದೆ, ಓದುತ್ತಿರುವ ನಿಮಗೂ ಬರಲಿ. ಕುಂಬಳಕಾಯಿ ಮುಖದ ದೊಡ್ಡ ಪ್ಯಾಕೆಟ್ಟುಗಳನ್ನು ಸೆಪ್ಟೆಂಬರಿನಲ್ಲೇ ಬಿಲ್ ಕೌಂಟರಿನ ಪಕ್ಕ, ಮಗುವಿನ ಕಣ್ಣಿನ ಎತ್ತರಕ್ಕೆ ಜೋಡಿಸಿದವರಿಗೆ ನಾಚಿಕೆಯಿಲ್ಲ. ಎರಡು ಕೊಂಡರೆ ಒಂದು ಬಿಟ್ಟಿ ಎಂದು ಬೋರ್ಡು ಬರೆದವರು ತಲೆ ತಗ್ಗಿಸುವುದಿಲ್ಲ. ತಿನ್ನಿಸುವುದಕ್ಕೆ ವ್ಯಾಪಾರ ಎಂಬ ಮರ್ಯಾದೆಯ ಹೆಸರು. ತಿಂದವಳಿಗೆ ಮಾತ್ರ ಮನಸ್ಸು ಗಟ್ಟಿಯಿಲ್ಲದವಳು ಎಂಬ ಪಟ್ಟ!

ರಜನಿಗೂ ಸಿಟ್ಟು ಬಂದಿತ್ತು. "ಗಿರಿಧರ್, ಬಾಗಿಲಿಗೆ ಬರೋ ಮಕ್ಕಳಿಗೆ ಅಂತ ಮೂರು ಪ್ಯಾಕೆಟ್ ತಂದಿದ್ದು ಯಾರು?"

"ಆಫರ್ ಇತ್ತು…"

"ಯಾವಾಗ ತಂದ್ರಿ?"

"ಹೋದ ತಿಂಗಳು."

"ಒಂದು ತಿಂಗಳು ಅದನ್ನ ಇವಳ ಕಣ್ಮುಂದೆ ಇಟ್ಟು, ಈಗ ವಿಲ್‌ಪವರ್ ಪಾಠ ಮಾಡ್ತೀರಾ? ನಿಮ್ಮ ಸಿಗರೇಟ್ ಬಿಡಿಸುವಾಗ ಪ್ಯಾಕ್ ತಂದು ದಿಂಬಿನ ಹತ್ರ ಇಟ್ಟಿದ್ದಳಾ ಇವಳು?"

ಗಿರಿಧರ್ ಟಿವಿಯ ಸದ್ದು ಕಡಿಮೆ ಮಾಡಿದ.

ರಜನಿ ನೆಲಕ್ಕಿಳಿದು, ವೆಜ್ ರಾಶಿಯಿಂದ ಒಂದು ಟಾಫಿ ಎತ್ತಿ ಕಾಮಾಕ್ಷಿಯ ಕೈಯಲ್ಲಿಟ್ಟಳು. "ಜೆಲಟಿನ್ ಹುಡುಕೋದರಲ್ಲಿ ನಿನ್ನಂಥವರು ಈ ದೇಶದಲ್ಲಿಲ್ಲ. ಈಗ ಮೊದಲಿಂದ ಓದು. ಮೊದಲನೇ ಪದ ಏನಿದೆ?"

"ಶುಗರ್."

"ಇದರಲ್ಲಿ?"

"ಶುಗರ್."

"ಇದು?"

"ಗ್ಲೂಕೋಸ್ ಸಿರಪ್. ಆಮೇಲೆ… ಶುಗರ್."

"ಯಾವುದು ಜಾಸ್ತಿ ಹಾಕಿರ್ತಾರೋ ಅದನ್ನ ಮೊದಲು ಬರೀಬೇಕು ಅಂತ ರೂಲ್ ಇದೆ. ನೀನು ಇಷ್ಟು ವರ್ಷದಿಂದ ಕೊನೇ ಸಾಲು ಓದ್ತಿದ್ದೀಯ. ಒಂದು ಟಾಫಿಗೆ ಹೆಚ್ಚುಕಡಿಮೆ ಒಂದು ಟೀ ಚಮಚ ಸಕ್ಕರೆ. ಆರು ಚಮಚ ಆಗ್ಲೇ ಒಳಗೆ ಹೋಯ್ತು. ಕಾಫಿಗೆ ಅರ್ಧ ಚಮಚ ಹಾಕಿದ್ರೆ ಲೋಟ ವಾಪಸ್ ಕೊಡೋಳು ನೀನು!"

ಕಾಮಾಕ್ಷಿ ಕನ್ನಡಕ ತೆಗೆದಳು. ದನಿ ಸಣ್ಣಗಾಗಿತ್ತು. "ಹನ್ನೆರಡನೇ ತಾರೀಕು ಟೆಸ್ಟು ರಜನಿ. ಅಮ್ಮನ ಥರ ಆಗಿಬಿಟ್ರೆ?"

"ಆಗಲ್ಲ. ಆರು ಟಾಫಿಯಿಂದ ಮೂರು ಕೆಜಿ ವಾಪಸ್ ಬರಲ್ಲ. ನಾಳೆ ಊಟ ಬಿಟ್ಟು ಪ್ರಾಯಶ್ಚಿತ್ತ ಮಾಡ್ಕೋಬೇಡ. ಹೊಟ್ಟೆ ಖಾಲಿ ಇದ್ರೆ ಕೈ ಮತ್ತೆ ಡಬ್ಬಿಗೇ ಹೋಗುತ್ತೆ. ಸಂಜೆ ಊಟ ಆಯ್ತಾ ನಿಂದು?"

"ಇಲ್ಲ. ಮಕ್ಕಳು ಬರಲಿ ಅಂತ ಕಾದೆ."

"ಅದೇ ನೋಡು. ಹಸಿದು ಕೂತು ಸಕ್ಕರೆ ರಾಶಿ ಬಗೆಯೋದು! ಮೊದಲು ಊಟ ಮಾಡು. ಆಮೇಲೆ ನಿನಗೆ ನಿಜವಾಗಿ ಇಷ್ಟವಾದ ಒಂದನ್ನ ಆರಿಸಿ, ಮೇಜಿನ ಹತ್ರ ಕೂತು, ನಿಧಾನಕ್ಕೆ ತಿನ್ನು. ರಿಷಿಕಾ ಹತ್ತು ಆರಿಸಲಿ, ದಿನಕ್ಕೊಂದು ಊಟದ ಮೇಲೆ ತಿನ್ನಲಿ, ಮಲಗೋ ಮುಂಚೆ ಹಲ್ಲುಜ್ಜಲಿ. ಮಗುವಿನ ಖುಷಿ ಕಿತ್ಕೋಬಾರದು. ಉಳಿದಿದ್ದು ಇವತ್ತೇ ಮನೆಯಿಂದ ಆಚೆ."

"ನಾಳೆ ಆಫೀಸ್ ಪ್ಯಾಂಟ್ರಿಯಲ್ಲಿ ಇಡ್ತೀನಿ" ಅಂದ ಗಿರಿಧರ್, ಸಹಾಯ ಮಾಡುವ ಉತ್ಸಾಹದಲ್ಲಿ.

"ಅಲ್ಲೂ ಒಬ್ಬಳು ಕಾಮಾಕ್ಷಿ ಇರ್ತಾಳೆ. ಎಸೀರಿ."

"ತಿನ್ನೋ ಪದಾರ್ಥ ಎಸೆಯೋದಾ?" ಕಾಮಾಕ್ಷಿ ಬೆಚ್ಚಿದಳು. ತಟ್ಟೆಯಲ್ಲಿ ಅಗುಳು ಬಿಡದ ಮನೆಯಲ್ಲಿ ಬೆಳೆದವಳು. ಮಗಳು ಬಿಟ್ಟ ಅರ್ಧ ದೋಸೆ, ಗಂಡ ಬಿಟ್ಟ ಪಲ್ಯ, ಎಲ್ಲವನ್ನೂ ಮುಗಿಸುವುದೇ ಗೃಹಿಣಿಯ ಲಕ್ಷಣ ಅಂದುಕೊಂಡವಳು.

"ನಿನಗೆ ಬೇಡದ್ದನ್ನ ಹೊಟ್ಟೆಗೆ ಹಾಕಿದರೂ ಎಸೆದ ಹಾಗೇ ಕಾಮಾಕ್ಷಿ. ಒಂದೇ ವ್ಯತ್ಯಾಸ. ಕಸದ ಬುಟ್ಟಿಗೆ ಸಕ್ಕರೆ ಕಾಯಿಲೆ ಬರಲ್ಲ."

ರಿಷಿಕಾ ವೆಜ್ ರಾಶಿಯಿಂದ ಹತ್ತು ಆರಿಸಿಕೊಂಡಳು, ಕಾಮಾಕ್ಷಿ ಒಂದು. ಕಾಮಾಕ್ಷಿ ಎದ್ದು ಅಡುಗೆಮನೆಗೆ ಹೋಗಿ ಚಪಾತಿ, ಹುರುಳಿಕಾಯಿ ಪಲ್ಯ ಬಡಿಸಿಕೊಂಡಳು. ಅವಳು ಉಣ್ಣುತ್ತಿರುವಾಗ ಗಿರಿಧರ್ ಪೇಪರಿನ ನಾಲ್ಕು ಮೂಲೆ ಹಿಡಿದು ಎತ್ತಿ, ಬಾಗಿಲಿಗೆ ಬರುವ ಮಕ್ಕಳಿಗೆಂದು ತಂದು ಉಳಿದಿದ್ದ ಪ್ಯಾಕೆಟ್ಟನ್ನೂ ಸೇರಿಸಿ, ಕೆಳಗಿನ ತೊಟ್ಟಿಗೆ ಕಸ ಜಾರಿಸುವ ಕೊಳವೆಯ ಬಾಯಿಗೆ ಸುರಿದ. ಏಳು ಮಹಡಿ ಕೆಳಗೆ ಜರಜರನೆ ಬಿದ್ದ ಸದ್ದಿಗೆ ಹುಡುಗಿಯರಿಬ್ಬರೂ ಚಪ್ಪಾಳೆ ತಟ್ಟಿದರು.

"ಸಾರಿ ಕಾಮು" ಅಂದ, ಮೆಲ್ಲಗೆ. "ಇನ್ಮೇಲೆ ಹಬ್ಬದ ಹಿಂದಿನ ದಿನ ತರೋಣ. ಎಷ್ಟು ಬೇಕೋ ಅಷ್ಟೇ."

"ಮತ್ತೆ ನನಗೆ ಹಿಡಿಸದೇ ಇರೋದನ್ನೇ ತನ್ನಿ" ಅಂದಳು ಕಾಮಾಕ್ಷಿ. ಮನೆಯವರೆಲ್ಲ ನಕ್ಕರು.

ನವೆಂಬರ್ ಹನ್ನೆರಡಕ್ಕೆ ತೂಕದ ಯಂತ್ರದ ಮೇಲೆ ನಿಂತಾಗ ಮೂರೂವರೆ ಕೆಜಿ ಇಳಿದಿತ್ತು. ರಕ್ತದ ಸಕ್ಕರೆ ಪೂರ್ತಿ ಸರಿಹೋಗಿರಲಿಲ್ಲ, ಆದರೆ ಕೆಳಗಿಳಿದಿತ್ತು. "ಮಾತ್ರೆ ಈಗ ಬೇಡ, ಹೀಗೇ ಮುಂದುವರಿಸಿ, ಆರು ತಿಂಗಳಿಗೆ ಬನ್ನಿ" ಅಂದರು ಡಾಕ್ಟರು. ಹೊರಗೆ ಬಂದ ಕಾಮಾಕ್ಷಿ ಬಸ್ ಸ್ಟಾಪಿನಲ್ಲೇ ಕೂತು ಕಾಂಡೋದ ವಾಟ್ಸಾಪ್ ಗ್ರೂಪಿಗೆ ಬರೆದಳು: "ಮುಂದಿನ ಹ್ಯಾಲೊವೀನ್‌ಗೆ ನಮ್ಮ ಬಾಗಿಲಲ್ಲಿ ಸ್ಟಿಕರ್, ಪೆನ್ಸಿಲ್, ಕತ್ತಲಲ್ಲಿ ಹೊಳೆಯುವ ಬಳೆ. ಇನ್ಯಾರು ಸೇರ್ತೀರಿ?" ಬಸ್ಸು ಬರುವಷ್ಟರಲ್ಲಿ ಒಂಬತ್ತು ಮನೆಯವರು ಕೈ ಎತ್ತಿದ್ದರು. ಬರೆಯಬೇಕು ಅಂತ ನಾವೂ ಅಂದುಕೊಳ್ತಿದ್ವಿ, ಯಾರು ಶುರು ಮಾಡೋದು ಅಂತ ಸುಮ್ಮನಿದ್ವಿ ಅಂದರು ಒಬ್ಬರು.

ಅಕ್ಕಂದಿರೇ, ಅಣ್ಣಂದಿರೇ, ಹಬ್ಬ ಮಕ್ಕಳದು, ಮಾಡಲಿ. ಉಂಡು ಬಾಗಿಲು ತೆರೆಯಿರಿ. ಇಷ್ಟವಾದ ಒಂದನ್ನು ಬಹಿರಂಗವಾಗಿ ತಿನ್ನಿ, ಉಳಿದದ್ದನ್ನು ಅಂದೇ ಮನೆಯಿಂದ ಆಚೆ ಕಳಿಸಿ. ಮನೆಯಲ್ಲೊಬ್ಬರು ತೂಕ ಇಳಿಸುತ್ತಿದ್ದರೆ ಆಡಿಕೊಳ್ಳಬೇಡಿ, ಅವರ ಕಣ್ಣೆದುರಿನಿಂದ ಡಬ್ಬಿ ಸರಿಸಿ. ನಲವತ್ತು ದಾಟಿದ್ದರೆ, ಮನೆತನದಲ್ಲಿ ಸಕ್ಕರೆ ಕಾಯಿಲೆಯಿದ್ದರೆ, ಈ ವಾರವೇ ರಕ್ತ ಪರೀಕ್ಷೆ ಮಾಡಿಸಿ. ನಿಮ್ಮ ಬ್ಲಾಕಿನಲ್ಲೂ ಒಂಬತ್ತು ಮನೆಗಳು ಸುಮ್ಮನೆ ಕಾಯುತ್ತಿವೆ. ಆ ಮೊದಲ ಮೆಸೇಜನ್ನು ನೀವೇ ಬರೆಯಿರಿ.